ಬೆರಳಿಗೆ ಸಿಗದ ಲೋಳೆ

ನಮ್ಮ ಮೊಸರಿನ ಘಟಕ ಇರುವುದು ಬೋಗಾದಿಯಲ್ಲಿ. ಘಟಕ ಎಂದ ಕೂಡಲೇ ದೊಡ್ಡ ಡೈರಿ ಎಂದುಕೊಳ್ಳಬೇಡಿ. ಶೀಟು ಹೊದಿಸಿದ ಉದ್ದನೆಯ ಒಂದು ಕಟ್ಟಡ. ಒಳಗೆ ಹಾಲು ಕಾಯಿಸುವ ಸ್ಟೀಲಿನ ದೊಡ್ಡ ಪಾತ್ರೆ, ಕಾದ ಹಾಲು ಆರುವ ಟ್ಯಾಂಕು, ಅಲ್ಲಿಂದ ಕವರು ತುಂಬುವ ಯಂತ್ರಕ್ಕೆ ಹೋಗುವ ಪೈಪು, ನಡುವೆ ಒಂದು ಪಂಪು. ಮೊಸರು ಹೆಪ್ಪಾಗಲು ಬೆಚ್ಚಗಿನ ಕೋಣೆ ಒಂದು, ಆದ ಮೇಲೆ ಇಡಲು ತಣ್ಣಗಿನ ಕೋಣೆ ಒಂದು. ಕೆಲಸಕ್ಕೆ ನಾನು, ನನ್ನ ಹೆಂಡತಿ, ನಮ್ಮೂರ ಕಡೆಯವನೇ ಆದ ಒಬ್ಬ ಕೆಲಸಗಾರ. ಅವನು ನನ್ನ ವಾರಿಗೆಯವನು. ಸುತ್ತ ಓದುವ ಹುಡುಗರ ಪಿಜಿಗಳು, ಮುಗಿಯದ ಕಟ್ಟಡಗಳು. ಬೆಳಗಿನ ಹೊತ್ತು ನಮ್ಮ ಪಂಪು ಸದ್ದು ಮಾಡಿದರೆ ಎದುರಿನ ಪಿಜಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ನಾನು ಓದನ್ನು ಅರ್ಧಕ್ಕೇ ಬಿಟ್ಟವನು. ಅದಕ್ಕೆ ನಾಚಿಕೆ ಪಟ್ಟಿಲ್ಲ. ಶಾಲೆ ಬಿಟ್ಟು ಚಾಮರಾಜಪುರಂನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದೆ. ಅಲ್ಲಿ ಅಡಿಗೆ ಮಾಡುತ್ತಿದ್ದ ಭಟ್ಟರು ನಾನು ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ಎತ್ತಿ ತೋರುಬೆರಳಿನಿಂದ ಒಳಗೆ ಒಂದು ಗೀರು ಎಳೆಯುತ್ತಿದ್ದರು. ಕಿರ್ ಎಂದರೆ ಪಕ್ಕಕ್ಕಿಡುತ್ತಿದ್ದರು. ಸದ್ದಾಗದಿದ್ದರೆ ಮತ್ತೆ ತೊಟ್ಟಿಗೆ ಎಸೆಯುತ್ತಿದ್ದರು. "ಪಾತ್ರೆ ಮಾತಾಡ್ಬೇಕು ಕಣೋ. ಸುಮ್ನಿದ್ರೆ ಒಳಗೆ ಏನೋ ಬಚ್ಚಿಟ್ಕೊಂಡಿದೆ ಅಂತ ತಿಳ್ಕೊ" ಅನ್ನುತ್ತಿದ್ದರು. ನನಗೆ ಸಿಕ್ಕ ಪಾಠ ಅಂದರೆ ಇದೇ. ಇದರ ಮೇಲೆ ಜೀವನ ಕಟ್ಟಿಕೊಂಡೆ. ಸ್ವಂತ ಘಟಕ ಮಾಡಿದ ಮೇಲೂ ತೊಳೆಯುವ ಕೆಲಸ ಮುಗಿದು ನಾನು ಬಂದು ಟ್ಯಾಂಕಿಗೆ, ಪೈಪಿನ ಬಾಯಿಗೆ, ತುಂಬುವ ಯಂತ್ರದ ಮೂತಿಗೆ ಬೆರಳು ಹಾಕಿ ನೋಡುವವರೆಗೆ ಯಾರೂ ಪಂಪು ಹಾಕುವಂತಿರಲಿಲ್ಲ. ನಮ್ಮ ಕೆಲಸಗಾರ ಇದಕ್ಕೆ ಒಂದು ಹೆಸರಿಟ್ಟಿದ್ದ.

"ಯಜಮಾನ್ರು ಸೀಲ್ ಒತ್ತಿದ್ರಾ ಅಕ್ಕಾ?"

"ಇನ್ನೂ ಇಲ್ಲ ಕಣೋ. ಕಾಪಿ ಕುಡಿತಾ ಅವ್ರೆ" ಎಂದು ನನ್ನ ಹೆಂಡತಿ ಒಳಗಿನಿಂದ ಹೇಳುವಳು. ನಾನು ಕೇಳಿಸಿಕೊಂಡೂ ಕೇಳಿಸದವನ ಹಾಗೆ ಇರುತ್ತಿದ್ದೆ. ಒಳಗೊಳಗೆ ಹಿತವಾಗಿಯೇ ಇರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮೊಸರು ಕೆಡತೊಡಗಿತು. ದಿನವೂ ಅಲ್ಲ. ಒಂದು ದಿನ ಕತ್ತರಿಸಿದರೆ ಹಲ್ವದ ಹಾಗೆ ನಿಲ್ಲುವುದು, ಮಾರನೆಯ ದಿನ ಕವರು ಉಬ್ಬಿಕೊಂಡು, ಒಳಗೆ ನೀರು ಬಿಟ್ಟುಕೊಂಡು, ಚಮಚ ಎತ್ತಿದರೆ ನೂಲು ನೂಲಾಗಿ ಬರುವುದು. ನಮ್ಮ ಮೊಸರಿನ ದೊಡ್ಡ ಪಾಲು ಹೋಗುತ್ತಿದ್ದುದು ಊರೊಳಗಿನ ಒಂದು ಆಸ್ಪತ್ರೆಯ ಕ್ಯಾಂಟೀನಿಗೆ. ಮಿಕ್ಕಿದ್ದು ಬೋಗಾದಿ, ಶ್ರೀರಾಂಪುರದ ಅಂಗಡಿಗಳಿಗೆ. ಅಂಗಡಿಯವರು ಕೆಟ್ಟ ಕವರು ವಾಪಸು ಕೊಟ್ಟು ಸುಮ್ಮನಾಗುತ್ತಾರೆ. ಕ್ಯಾಂಟೀನಿನವರು ಹಾಗಲ್ಲ. ರೋಗಿಗಳು ತಿನ್ನುವ ಮೊಸರು. ಅವರು ಒಂದು ಕವರನ್ನು ಪರೀಕ್ಷೆಗೆ ಕಳಿಸಿದರು. ಇರಬಾರದ ಕ್ರಿಮಿ ಇದೆ ಎಂದು ಬಂತು.

ಕ್ಯಾಂಟೀನಿನ ಗುತ್ತಿಗೆದಾರರು ಫೋನು ಮಾಡಿದರು. ಒಳ್ಳೆಯ ಮಾತಿನ ಮನುಷ್ಯ.

"ನೋಡಿ, ನಂಗೆ ನಿಮ್ ಮೇಲೆ ಬೇಜಾರಿಲ್ಲ. ಆದ್ರೆ ಮೇಲಿನವ್ರು ಕೇಳ್ತಾರೆ. ಇನ್ನೊಂದ್ಸಲ ಸ್ಯಾಂಪಲ್ ತಗೊತೀವಿ. ಅದೂ ಹಿಂಗೇ ಬಂದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ."

"ಆಯ್ತು ಸಾರ್" ಅಂದೆ.

ಕ್ಯಾಂಟೀನು ಹೋದರೆ ಘಟಕ ಉಳಿಯುವುದಿಲ್ಲ ಎಂದು ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಲೆಕ್ಕ ಹಾಕಿ ನೋಡುವ ಅಗತ್ಯವೂ ಇರಲಿಲ್ಲ. ಫೋನು ಇಟ್ಟು ಗೋಡೆ ನೋಡುತ್ತಾ ಕೂತೆ. ಭಯವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯೊಳಗೆ ಹತ್ತಿ ತುರುಕಿದ ಹಾಗೆ ಇತ್ತು, ಅಷ್ಟೇ. ಆಮೇಲೆ ಎದ್ದು ಊಟ ಮಾಡಿದೆ.

ಮೊದಲು ಹಾಲಿನ ಮೇಲೆ ಅನುಮಾನಪಟ್ಟೆ. ಹಾಲು ತರುವವನು ಎಚ್.ಡಿ. ಕೋಟೆ ರಸ್ತೆಯ ಹಳ್ಳಿಗಳಿಂದ ಕ್ಯಾನುಗಳನ್ನು ಒಟ್ಟು ಮಾಡಿಕೊಂಡು ಬರುತ್ತಾನೆ. ಬಾಯಿ ಜೋರು.

"ನಿನ್ ಹಾಲಲ್ಲೇ ಏನೋ ಅದೆ ಕಣಪ್ಪ" ಅಂದೆ.

"ನನ್ ಹಾಲಾ? ಅಣ್ಣ, ಇದೇ ಹಾಲ್ನ ನಿಮ್ಗೂ ಹಾಕ್ತೀನಿ, ಆ ಕಡೆ ಪೇಡ ಮಾಡೋರ್ಗೂ ಹಾಕ್ತೀನಿ. ಅವ್ರು ಒಂದ್ ದಿನ ಸೊಲ್ಲೆತ್ತಿಲ್ಲ."

"ಪೇಡ ಮಾಡೋರು ಬತ್ತಿಸ್ತಾರೆ. ಎಂಥ ಹಾಲಾದ್ರೂ ಆಯ್ತದೆ."

"ನೀವೂ ಕಾಯಿಸ್ತೀರಲ್ಲಣ್ಣ. ಕಾದ್ಮೇಲೆ ನನ್ ಹಾಲ್ದೇನು ತಪ್ಪು? ಕಾದ್ಮೇಲಿಂದು ನಿಮ್ ಸಂಸಾರ. ನನ್ನ್ ಯಾಕ್ ಮಧ್ಯ ಎಳಿತೀರ, ಬುಡಿ."

ಅವನು ಹೇಳಿದ್ದು ಸರಿ. ಹಾಲು ಕುದಿದ ಮೇಲೆ ಅದರೊಳಗಿನದೆಲ್ಲ ಸತ್ತಿರುತ್ತದೆ. ಕೆಡುವುದು ಅಲ್ಲಿಂದ ಮುಂದೆ, ಟ್ಯಾಂಕು ಪೈಪುಗಳಲ್ಲಿ. ಆದರೆ ಅವು ನಾನು ಬೆರಳಿಟ್ಟು ನೋಡಿದ ಜಾಗಗಳು. ಅಲ್ಲಿ ಕೊಳೆ ಇರಲು ಸಾಧ್ಯವೇ ಇಲ್ಲ ಎಂದು ನನ್ನ ಲೆಕ್ಕ. ಹಾಗಾದರೆ ಕಣ್ಣಿಗೆ ಕಾಣದ ಕ್ರಿಮಿ ಇರಬೇಕು, ಅದಕ್ಕೆ ಔಷಧಿ ಸಾಲದಾಗಿರಬೇಕು ಎಂದುಕೊಂಡೆ. ನಾವು ಕ್ರಿಮಿ ಸಾಯಲು ಹಾಕುವುದು ಹೈಪೋ. ಈಜುಕೊಳದ ವಾಸನೆ ಬರುತ್ತದಲ್ಲ, ಅದೇ ಕ್ಲೋರಿನ್ ನೀರು. ಕ್ಯಾನಿನ ಮೇಲೆ ಬರೆದ ಅಳತೆಗಿಂತ ಎರಡರಷ್ಟು ಹಾಕಿದೆ. ಆಮೇಲೆ ಇನ್ನೂ ಹೆಚ್ಚು. ಕೆಲಸ ಮುಗಿಸಿ ಹೋಗುವಾಗ ಪೈಪಿನೊಳಗೆ ತುಂಬಿಸಿಯೇ ಬಿಟ್ಟು ಹೋಗತೊಡಗಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವುದು. ನಮ್ಮ ಕೆಲಸಗಾರ ಮೂಗಿಗೆ ಟವೆಲು ಕಟ್ಟಿಕೊಂಡು ಬರುತ್ತಿದ್ದ.

"ಯಜಮಾನ್ರೇ, ಕ್ರಿಮಿ ಸಾಯ್ತವೋ ಇಲ್ವೋ. ನಾನಂತೂ ಮೊದ್ಲು ಹೋಯ್ತೀನಿ."

"ನೀನೇನ್ ಅಷ್ಟ್ ಸುಲಬ್ವಾಗಿ ಹೋಗಲ್ಲ ಕಣೋ. ಕ್ಯಾನ್ ಎತ್ತು."

ಮೊಸರು ಮಾತ್ರ ಹಾಗೇ ಇತ್ತು. ಮೂರು ದಿನ ಚೆನ್ನಾಗಿದ್ದರೆ ಒಂದು ದಿನ ಕೆಟ್ಟಿತು. ಕೆಟ್ಟ ಕವರುಗಳನ್ನು ಹಿಂದಿನ ಗುಂಡಿಗೆ ಒಡೆದು ಹಾಕುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕವರು ಒಡೆಯುವುದು ಒಂದು ಕೆಲಸ, ಮುಗಿಸಿ ಕೈ ತೊಳೆಯುವುದು ಇನ್ನೊಂದು ಕೆಲಸ ಎಂಬ ಹಾಗೆ.

ಸ್ಯಾಂಪಲ್ಲು ತೆಗೆಯುವ ಮುಂಚೆ ಗುತ್ತಿಗೆದಾರರು ತಮ್ಮ ಅಡಿಗೆಮನೆಗಳ ಶುಚಿ ನೋಡಿಕೊಳ್ಳುವ ಒಬ್ಬ ಮೇಡಂ ಅವರನ್ನು ಕಳಿಸಿದರು. ಇದೇ ವಿಷಯ ಓದಿಕೊಂಡ ಹೆಣ್ಣುಮಗಳು. ಸ್ಕೂಟರಿನಲ್ಲಿ ಬಂದರು. ತಲೆಗೆ ಬಲೆಯ ಟೊಪ್ಪಿ, ಕೈಗೆ ಗ್ಲೌಸು ತಾವೇ ತಂದಿದ್ದರು. ನಾನು ಎಲ್ಲವನ್ನೂ ತೋರಿಸಿದೆ. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರು ಟ್ಯಾಂಕನ್ನು ಹೆಚ್ಚು ನೋಡಲಿಲ್ಲ. ಪೈಪಿನ ಹಾದಿ ಹಿಡಿದು ಬಗ್ಗಿಕೊಂಡು ಹೋದರು. ಪಂಪು ದಾಟಿದ ಮೇಲೆ ಪೈಪಿಗೆ ಮೂರು ಕವಲಿನ ಒಂದು ಟೀ ಜಾಯಿಂಟು ಇದೆ. ಮುಂದೆ ಎರಡನೆಯ ಟ್ಯಾಂಕು ಕೂರಿಸಿದರೆ ಬೇಕಾಗುತ್ತದೆ ಎಂದು ಮೊದಲೇ ಹಾಕಿಸಿದ್ದೆ. ಎರಡನೆಯ ಟ್ಯಾಂಕು ಬರಲಿಲ್ಲ. ಟೀಯ ಒಂದು ಕೈ ಗೇಣುದ್ದ ಹೊರಕ್ಕೆ ಚಾಚಿ, ಮುಚ್ಚಳ ಹಾಕಿಸಿಕೊಂಡು ನಿಂತಿತ್ತು.

"ಇದನ್ನ ಬಿಚ್ಚಿ ತೊಳಿತೀರಾ ಸರ್?"

"ಅದ್ರೊಳಕ್ಕೆ ಹಾಲು ಹೋಗಲ್ಲ ಮೇಡಂ. ಮುಚ್ಚೈತೆ."

"ಹೋಗುತ್ತೆ ಸರ್. ಹೋಗಿ ಅಲ್ಲೇ ನಿಲ್ಲುತ್ತೆ. ವಾಪಸ್ ಬರೋಕೆ ದಾರಿ ಇಲ್ಲ, ಅಷ್ಟೇ. ಬಿಚ್ಚಿಸ್ತೀರಾ?"

ಕೆಲಸಗಾರ ಸ್ಪಾನರು ತಂದ. ಕೂರಿಸಿದ ದಿನದಿಂದ ಬಿಚ್ಚದ ಮುಚ್ಚಳ. ಕಷ್ಟಪಟ್ಟು ತಿರುಗಿತು. ಒಳಗಿನಿಂದ ಹೈಪೋ ವಾಸನೆ ಬಂತು, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಹಳೆಯ ಚೊಂಬಿನಲ್ಲಿ ಮರೆತು ಬಿಟ್ಟ ಮಜ್ಜಿಗೆಯದು. ನಾನು ಟಾರ್ಚು ಬಿಟ್ಟು ನೋಡಿದೆ. ಸ್ಟೀಲು ಸ್ಟೀಲಿನ ಹಾಗೇ ಕಂಡಿತು. ನನ್ನ ಪದ್ಧತಿಯ ಹಾಗೆ ಬೆರಳು ಹಾಕಿ ಎಳೆದೆ.

"ಕ್ಲೀನಾಗಿದೆ ಮೇಡಂ" ಅಂದೆ.

ಅವರು ಗ್ಲೌಸಿನ ಬೆರಳು ಹಾಕಿ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು.

"ಅಮ್ಮ, ನೀವೊಂದ್ಸಲ ಮುಟ್ಟಿ ನೋಡ್ತೀರಾ?"

ಅವಳು ನನ್ನ ಮುಖ ನೋಡಿದಳು. ಪೈಪಿಗೆ ಬೆರಳು ಹಾಕುವುದು ಅವಳ ಕೆಲಸವಾಗಿರಲಿಲ್ಲ. ನಾನು ತಲೆ ಆಡಿಸಿದೆ. ಕೈ ತೊಳೆದುಕೊಂಡು ಬಂದು ಬೆರಳು ಹಾಕಿದಳು. ಹೊರಗೆ ತೆಗೆದು ಹೆಬ್ಬೆರಳಿಗೆ ಉಜ್ಜಿಕೊಂಡಳು.

"ಲೋಳೆ ಕಣ್ರೀ. ಬೆಂಡೆಕಾಯಿ ಕುಯ್ದ್ ಕೈ ಇದ್ದಂಗದೆ."

"ಎಲ್ಲಿ?"

"ಇಲ್ಲೇ. ಸುತ್ತ ಎಲ್ಲಾನೂವೆ."

ನಾನು ಮತ್ತೆ ಹಾಕಿದೆ. ತೋರುಬೆರಳು, ಆಮೇಲೆ ನಡುಬೆರಳು. ಪೈಪು ಇದೆ ಎಂದು ತಿಳಿಯುತ್ತಿತ್ತು. ಅದರ ಮೇಲೆ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಕೈಗೆ ಚೀಲ ಸುತ್ತಿಕೊಂಡು ಮುಟ್ಟಿದ ಹಾಗೆ.

"ಯಜಮಾನ್ರ ಸೀಲಲ್ಲಿ ಇಂಕು ಮುಗ್ದೋಗದೆ" ಎಂದು ಕೆಲಸಗಾರ ನಕ್ಕ. ಯಾರೂ ನಗಲಿಲ್ಲವೆಂದು ನೋಡಿ ಸ್ಪಾನರನ್ನು ಬಟ್ಟೆಯಿಂದ ಒರೆಸತೊಡಗಿದ.

ಮೇಡಂ ಒಂದು ಚಮಚದ ಹಿಡಿಯಿಂದ ಪೈಪಿನ ಒಳಗೋಡೆಯನ್ನು ಕೆರೆದರು. ಹಾಲಿನ ಕೆನೆಗಿಂತ ತೆಳುವಾದ ಒಂದು ಪೊರೆ ಸುರುಳಿಯಾಗಿ ಬಂತು. ಬೂದಿ ಬಣ್ಣ. ಅದನ್ನು ಬಿಳಿಯ ತಟ್ಟೆಯ ಮೇಲೆ ಇಟ್ಟರು. ನಾವು ನಾಲ್ಕೂ ಜನ ಬಗ್ಗಿ ನೋಡಿದೆವು.

"ಇಷ್ಟೊಂದ್ ಹೈಪೋ ಹೊಯ್ದಿದೀನಿ ಮೇಡಂ. ನಮ್ಗೇ ಕಣ್ಣು ಬಿಡಕ್ಕಾಗಲ್ಲ. ಇದಕ್ಕೆ ಏನೂ ಆಗಲ್ವಾ?"

"ಆಗುತ್ತೆ ಸರ್. ಮೇಲಿರೋವು ಸಾಯ್ತವೆ. ನೀವು ಬೆಳಿಗ್ಗೆ ಹಲ್ಲುಜ್ಜಲ್ಲ, ಬರೀ ಬಾಯಿ ಮುಕ್ಕಳಿಸ್ತೀರಿ ಅಂದ್ಕೊಳ್ಳಿ. ಹಲ್ಲಿನ ಮೇಲಿನ ಪಾಚಿ ಹೋಗುತ್ತಾ?"

"ಹೋಗಲ್ಲ."

"ಇದೂ ಅದೇ. ಒಂಟಿ ಕ್ರಿಮಿ ನೀರಲ್ಲಿ ತೇಲ್ತಿದ್ರೆ ಸ್ವಲ್ಪ ಹೈಪೋಗೇ ಸತ್ತೋಗುತ್ತೆ. ಆದ್ರೆ ಪೈಪಿಗೆ ಅಂಟ್ಕೊಂಡ ಮೇಲೆ ಅವು ಸುಮ್ನಿರಲ್ಲ. ಅಂಟು ಬಿಟ್ಕೊಂಡು ಮನೆ ಕಟ್ಕೊಳ್ತವೆ. ಒಂದರ ಮೇಲೊಂದು. ನಿಮ್ಮ ಹೈಪೋ ಆ ಅಂಟನ್ನ ಸುಡೋದ್ರಲ್ಲೇ ತೀರೋಗುತ್ತೆ, ಕೆಳಗೆ ಇಳಿಯೋ ಹೊತ್ತಿಗೆ ಅದರಲ್ಲಿ ಜೋರೇ ಇರಲ್ಲ. ಮೇಲಿನವು ಸಾಯ್ತವೆ, ಕೆಳಗಿನವು ಆ ಸತ್ತವರ ಅಡಿಯಲ್ಲೇ ಬದುಕ್ಕೋತವೆ. ನೀರು ಬಿಟ್ಟಾಗ, ಹಾಲು ಬಿಟ್ಟಾಗ ಒಂದೊಂದು ತುಂಡು ಕಿತ್ಕೊಂಡು ಹೋಗುತ್ತೆ. ತುಂಡು ಹೋದ ದಿನ ಮೊಸರು ಕೆಡುತ್ತೆ. ಹೋಗದ ದಿನ ಚೆನ್ನಾಗಿರುತ್ತೆ."

ಮೂರು ದಿನ ಚೆನ್ನಾಗಿದ್ದು ಒಂದು ದಿನ ಏಕೆ ಕೆಡುತ್ತಿತ್ತೆಂದು ನನಗೆ ಆಗ ತಿಳಿಯಿತು. ತಿಳಿದಾಗ ಮನಸ್ಸು ಹಗುರಾಗಲೂ ಇಲ್ಲ, ಭಾರವಾಗಲೂ ಇಲ್ಲ.

ಅವರು ಇನ್ನೂ ಎರಡು ಸಂಗತಿ ಹೇಳಿದರು. ಒಂದು, ನಾವು ಹಾಲು ಮುಗಿದ ಕೂಡಲೇ ಕುದಿಯುವ ನೀರು ಬಿಡುವುದು. ಬಿಸಿ ಹೆಚ್ಚಿದಷ್ಟೂ ಶುಚಿ ಹೆಚ್ಚು ಎಂದು ನಾವು ತಿಳಿದಿದ್ದೆವು. ಕುದಿಯುವ ನೀರಿಗೆ ಪೈಪಿನಲ್ಲಿ ಉಳಿದ ಹಾಲು ಬೆಂದು ಸ್ಟೀಲಿಗೆ ಅಂಟಿಕೊಳ್ಳುತ್ತದಂತೆ, ಕ್ರಿಮಿಗೆ ಅದೇ ಹಾಸಿಗೆಯಂತೆ. ಮೊದಲು ಉಗುರುಬೆಚ್ಚಗಿನ ನೀರು ಬಿಟ್ಟು ಹಾಲು ಹೋಗುವಂತೆ ಮಾಡಬೇಕು, ಆಮೇಲೆ ಕಾಸ್ಟಿಕ್ ಸೋಡಾ ನೀರು, ಬ್ರಷ್ಷು, ಮತ್ತೆ ನೀರು, ಎಲ್ಲಕ್ಕಿಂತ ಕೊನೆಗೆ ಹೈಪೋ. ಇನ್ನೊಂದು ನನ್ನ ಹೆಚ್ಚುವರಿ ಹೈಪೋ. ಟಾರ್ಚು ಓರೆ ಹಿಡಿದು ಪೈಪು ತಿರುಗುವ ಬೆಂಡಿನಲ್ಲಿ ಸಣ್ಣ ಸಣ್ಣ ಕುಳಿ ತೋರಿಸಿದರು. ಸಿಡುಬಿನ ಕಲೆಯ ಹಾಗೆ.

"ಇದು ಹೈಪೋ ತಿಂದಿರೋದು ಸರ್. ಈ ಗುಳಿಗಳೊಳಗೆ ಕೂತ್ಕೊಂಡ್ರೆ ಬ್ರಷ್ಷೂ ತಲುಪಲ್ಲ."

ನಾನು ಸುರಿದಷ್ಟೂ ಅವಕ್ಕೆ ಜಾಗ ಮಾಡಿಕೊಟ್ಟಿದ್ದೆ.

ಹೊರಡುವ ಮುಂಚೆ ಮೇಡಂ ಸ್ವಲ್ಪ ಹಿಂಜರಿದರು. "ಬೇಜಾರ್ ಮಾಡ್ಕೋಬೇಡಿ ಸರ್. ಹೈಪೋ ಆದ ಮೇಲೆ ಬೆರಳು ಹಾಕೋದು ಬೇಡ. ಕೈಯಲ್ಲಿರೋದೇ ಮತ್ತೆ ಒಳಗೆ ಹೋಗುತ್ತೆ. ಮುಟ್ಟಿ ನೋಡೋದಾದ್ರೆ ಹೈಪೋಗೆ ಮುಂಚೆ ನೋಡಿ. ಮತ್ತೆ..." ಎಂದು ನಿಲ್ಲಿಸಿ, "ಅಮ್ಮನ ಕೈಲಿ ನೋಡಿಸಿ" ಅಂದರು.

ಸ್ಕೂಟರು ಗೇಟು ದಾಟಿದ ಮೇಲೂ ಅಲ್ಲೇ ನಿಂತಿದ್ದೆ. ಅವರ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು.

ನನ್ನ ಹೆಂಡತಿ ಹಿಂದಿನಿಂದ ಬಂದಳು. "ಯಾವಾಗಿಂದ?" ಅಂದಳು.

"ಏನು?"

"ಬೆರಳು."

ಜೋಮು ಹಿಡಿದು ಬಹಳ ಕಾಲವಾಗಿತ್ತು. ಕಾಲಿಗೆ ಮೊದಲು, ಕೈಗೆ ಆಮೇಲೆ. ಸೋಡಾ, ಹೈಪೋ, ತಣ್ಣಗಿನ ಕೋಣೆ ಎಂದು ಅಷ್ಟು ವರ್ಷ ದುಡಿದ ಕೈ ಹೀಗೇ ಆಗುವುದು ಎಂದುಕೊಂಡಿದ್ದೆ. ಬಿಸಿ ಲೋಟ ಹಿಡಿದರೆ ಸುಡುವುದಿಲ್ಲ ಎಂದು ಕಾಫಿ ಅಂಗಡಿಯ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದೆ. ಪಾತ್ರೆಯ ಕಿರ್ ಸದ್ದು ಮಾತ್ರ ಕಿವಿಗೆ ಕೇಳಿಸುತ್ತಿತ್ತು. ಈಗ ಯೋಚಿಸಿದರೆ ಅದೂ ಕೇಳಿಸುತ್ತಿತ್ತೋ, ಕೇಳಿಸಬೇಕು ಎಂದು ಕೇಳಿಸುತ್ತಿತ್ತೋ ಹೇಳಲಾರೆ. ಘಟಕದೊಳಗೆ ಸದ್ದು ಯಾವಾಗಲೂ ಇರುತ್ತದೆ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. "ಸ್ವಲ್ಪ ದಿನದಿಂದ" ಅಂದೆ.

ಮಾರನೆಯ ದಿನ ಅವಳೇ ನನ್ನನ್ನು ಶ್ರೀರಾಂಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ಕಣ್ಣು ಮುಚ್ಚಿಸಿ ಮೀನಿನ ಗಾಳದ ದಾರದಂಥದೊಂದನ್ನು ಬೆರಳಿಗೆ, ಅಂಗಾಲಿಗೆ ತಾಗಿಸಿ "ಈಗ ಮುಟ್ಟಿದ್ನಾ?" ಎಂದು ಕೇಳುತ್ತಾ ಹೋದರು. ನಾನು ಊಹೆಯ ಮೇಲೆ ಹ್ಞೂಂ ಅನ್ನುತ್ತಿದ್ದೆ. ಕಣ್ಣು ಬಿಟ್ಟಾಗ ನನ್ನ ಹೆಂಡತಿ ಬೇರೆ ಕಡೆ ನೋಡುತ್ತಿದ್ದಳು. ರಕ್ತ ಕೊಟ್ಟೆವು. ಸಕ್ಕರೆ ಕಾಯಿಲೆ, ಅದೂ ಹಳೆಯದು ಎಂದರು. ಅಂಗಾಲಿನಲ್ಲಿ ಬಿಸಿನೀರು ಬಿದ್ದು ಎದ್ದ ಬೊಬ್ಬೆಯೊಂದು ಒಡೆದು ಹುಣ್ಣಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

"ಕೆಮಿಕಲ್‌ನಿಂದ ಅಲ್ವಾ ಸಾರ್ ಇದು?"

"ಕೆಮಿಕಲ್ ಚರ್ಮ ಕೆಡಿಸುತ್ತೆ. ನರ ಕೆಡಿಸಿರೋದು ಸಕ್ಕರೆ. ಇರೋದನ್ನ ಉಳಿಸ್ಕೊಳ್ಳೋಣ. ಹೋಗಿರೋದು ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ."

ದಾರಿಯಲ್ಲಿ ಆಟೋದಲ್ಲಿ ಅವಳು ಒಂದೇ ಮಾತು ಆಡಿದಳು. "ನಾಳೆಯಿಂದ ತೊಳ್ದಿದ್ದು ನಾನ್ ನೋಡ್ತೀನಿ. ಆಗಿದ್ರೆ ಆಗದೆ ಅಂತೀನಿ. ಇಲ್ದಿದ್ರೆ ಇಲ್ಲ ಅಂತೀನಿ. ನೀವ್ ಮಧ್ಯ ಬಾಯಿ ಹಾಕ್ಕೂಡ್ದು."

ನಾನು ರಸ್ತೆ ನೋಡಿದೆ. ಒಂದು ಲಾರಿ ಜಲ್ಲಿ ಸುರಿಯುತ್ತಿತ್ತು.

ಟೀ ಜಾಯಿಂಟನ್ನು ಕತ್ತರಿಸಿ ತೆಗೆಸಿದೆವು. ಬೆಸುಗೆಯವನು ಬಂದು ಆ ಜಾಗದಲ್ಲಿ ನೇರ ಪೈಪು ಕೂರಿಸಿದ. "ಮುಂದಕ್ಕೆ ಟ್ಯಾಂಕ್ ಇಡಲ್ವಾ ಸಾ?" ಎಂದು ಕೇಳಿದ. ಇಲ್ಲ ಅಂದೆ. ಗುಳಿ ಬಿದ್ದ ಬೆಂಡು ಬದಲಾಯಿಸಿದೆವು. ಜಾಯಿಂಟುಗಳೊಳಗಿನ ರಬ್ಬರ್ ಬಳೆಗಳನ್ನು, ಗ್ಯಾಸ್ಕೆಟ್ ಅನ್ನುತ್ತಾರೆ, ಎಲ್ಲ ಹೊಸದು ತಂದೆವು. ಹಳೆಯವನ್ನು ಮಡಿಸಿ ನೋಡಿದರೆ ಬಿರುಕುಗಳೊಳಗೆ ಅದೇ ಬೂದಿ ಬಣ್ಣ ಇತ್ತು. ನನ್ನ ಹೆಂಡತಿ ಸೋಡಾ ನೀರಿನಲ್ಲಿ ನೆನೆಸಿ, ಉದ್ದನೆಯ ಬ್ರಷ್ಷು ತೂರಿಸಿ, ಒಂದೊಂದು ತುಂಡನ್ನೂ ತಿಕ್ಕಿದಳು. ನಾನು ನೀರು ಹೊತ್ತು ಕೊಟ್ಟೆ. ಕೆಲಸಗಾರ ಬಿಚ್ಚಿದ, ಕೂಡಿಸಿದ. ಅವಳು ಗ್ಲೌಸು ತೆಗೆದು, ಕೈ ತೊಳೆದುಕೊಂಡು, ಹೈಪೋಗೆ ಮುಂಚೆ ಮುಟ್ಟಿ ನೋಡಿ "ಆಗದೆ" ಅಥವಾ "ಇನ್ನೊಂದ್ಸಲ" ಅನ್ನುತ್ತಿದ್ದಳು. ನಾನು ಹೇಳುತ್ತಿದ್ದುದಕ್ಕಿಂತ ಮೆಲ್ಲಗೆ.

ಸ್ಯಾಂಪಲ್ಲಿಗೆ ಹೋಗುವ ಮೊಸರು ಮಾಡುವ ದಿನ ಬಂತು. ಮೇಡಂ ಮಾರನೆಯ ಬೆಳಿಗ್ಗೆ ಬಂದು ಕವರು ತೆಗೆದುಕೊಂಡು ಹೋಗುವವರಿದ್ದರು. ಹಾಲು ಕುದಿದು ಟ್ಯಾಂಕಿನಲ್ಲಿ ಆರಿತ್ತು. ಹೆಪ್ಪು ಬೆರೆಸಿ ತುಂಬಿಸಲು ಹದವಾದ ಬಿಸಿಗೆ ಬಂದಿತ್ತು. ಆ ಹದ ಕಾಯುವುದಿಲ್ಲ. ತಣ್ಣಗಾಗಿ ಹೋದರೆ ಮೊಸರು ಗಟ್ಟಿಯಾಗುವುದಿಲ್ಲ, ಮತ್ತೆ ಕಾಯಿಸಬೇಕು, ಅಷ್ಟರಲ್ಲಿ ಇಡೀ ದಿನದ ಸರಬರಾಜು ತಡವಾಗುತ್ತದೆ. ನಾನು ಪಂಪಿನ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

"ಹಾಕ್ಲಾ?" ಅಂದೆ.

"ತಡೀರಿ."

ಅವಳು ತುಂಬುವ ಯಂತ್ರದ ಮುಂದೆ ಕೂತಿದ್ದಳು. ಮೂತಿಯ ಒಳಗಿನ ಬಳೆಯನ್ನು ತೆಗೆದು ಬೆಳಕಿಗೆ ಹಿಡಿದಳು. ಬೆರಳಲ್ಲಿ ಉಜ್ಜಿದಳು.

"ಇದು ಸರಿಯಾಗಿಲ್ಲ. ಜಾರ್ತದೆ."

"ಹೊಸಾ ಗ್ಯಾಸ್ಕೆಟ್ಟು. ರಬ್ಬರು ಹೊಸದ್ರಲ್ಲಿ ಹಂಗೇ ಇರ್ತದೆ."

"ರಬ್ಬರ್ ಜಾರೋದು ಬೇರೆ. ಇದು ಬೇರೆ. ಇದು ಕೂರೋ ತೋಡೊಳಗೆ ಸರಿಯಾಗ್ ತಿಕ್ಕಿಲ್ಲ, ಅಲ್ಲಿಂದ ಬಂದದೆ. ಯಂತ್ರ ಬಿಚ್ಚಬೇಕು."

"ಹಾಲು ತಣ್ಣಗಾಯ್ತದೆ ಕಣಮ್ಮಿ."

"ಆಗ್ಲಿ."

ಕೆಲಸಗಾರ ನನ್ನನ್ನೂ ಅವಳನ್ನೂ ನೋಡಿದ. ಅವನಿಗೆ ಸ್ಪಾನರು ಎತ್ತಲೋ ಬೇಡವೋ ಎಂದು ತಿಳಿಯಲಿಲ್ಲ. ನಾನು ಬಂದು ಆ ಬಳೆಯನ್ನು ಇಸಿದುಕೊಂಡೆ. ಎರಡೂ ಕೈಯಲ್ಲಿ ಹಿಡಿದು ಉಜ್ಜಿದೆ. ಒಂದು ರಬ್ಬರಿನ ಬಳೆ. ಅದಕ್ಕಿಂತ ಹೆಚ್ಚು ಅದು ನನಗೆ ಏನೂ ಹೇಳಲಿಲ್ಲ. ಕೆನ್ನೆಗೆ ತಾಗಿಸಿ ನೋಡೋಣ ಅನ್ನಿಸಿತು. ಅವರಿಬ್ಬರ ಮುಂದೆ ಹಾಗೆ ಮಾಡಲಿಲ್ಲ.

"ಹಾಕ್ಬುಡ್ಲಾ ಯಜಮಾನ್ರೇ?" ಎಂದು ಕೆಲಸಗಾರ ಮೆಲ್ಲಗೆ ಕೇಳಿದ. ಅವನು ಕೇಳಿದ್ದು ಒಳ್ಳೆಯದಕ್ಕೇ. ನನ್ನ ಮರ್ಯಾದೆ ಉಳಿಸಲು.

ನನ್ನ ಘಟಕ. ನಾನು ಇಟ್ಟಿಗೆ ಹೊತ್ತು ಕಟ್ಟಿದ್ದು. ಹಾಕು ಅಂದಿದ್ದರೆ ಅವನು ಹಾಕುತ್ತಿದ್ದ, ಅವಳೂ ತಡೆಯುತ್ತಿರಲಿಲ್ಲ. ಎದ್ದು ಪಕ್ಕಕ್ಕೆ ನಿಲ್ಲುತ್ತಿದ್ದಳು. ನಾನು ಬಳೆಯನ್ನು ಅವಳ ಕೈಗೆ ಕೊಟ್ಟೆ.

"ಅವ್ಳು ಹೇಳ್ದಂಗೆ ಬಿಚ್ಚು" ಅಂದೆ.

ಯಂತ್ರ ಬಿಚ್ಚಿದರು. ಬಳೆ ಕೂರುವ ತೋಡಿನ ಮೂಲೆಯಲ್ಲಿ, ಬ್ರಷ್ಷು ತಿರುಗದ ಜಾಗದಲ್ಲಿ, ಪೊರೆ ಇತ್ತು. ಅವಳು ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಸೋಡಾ ನೀರು ಅದ್ದಿ ಕೂತು ತಿಕ್ಕಿದಳು. ಹಾಲು ತಣ್ಣಗಾಯಿತು. ನಾನು ಅದನ್ನು ಮತ್ತೆ ಕಾಯಿಸಲು ಒಲೆ ಹೊತ್ತಿಸಿದೆ. ಗುತ್ತಿಗೆದಾರರಿಗೆ ಫೋನು ಮಾಡಿ ಇವತ್ತಿನ ಮೊಸರು ತಡವಾಗುತ್ತದೆ ಎಂದೆ.

"ಏನ್ರೀ ಇದು, ಈ ಟೈಮಲ್ಲಿ ತಡ ಮಾಡ್ತೀರಲ್ಲ. ಸ್ಯಾಂಪಲ್ ಬೇರೆ ಇದೆ" ಅಂದರು.

"ಯಂತ್ರ ತೊಳಿತಾ ಇದೀವಿ ಸಾರ್."

"ತೊಳ್ದಾಗಿಲ್ವಾ ಇನ್ನೂ?"

"ಇಲ್ಲ ಸಾರ್" ಅಂದೆ. ಹಾಗೆ ಹೇಳಿದ್ದು ಅದೇ ಮೊದಲು ಇರಬೇಕು.

ಮೇಡಂ ಬಂದು ಕವರುಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಅದರ ಮಾತು ಎತ್ತಲಿಲ್ಲ. ನನಗೆ ಕಾಯುತ್ತಿದ್ದೇನೆ ಎಂಬುದೂ ಅನ್ನಿಸುತ್ತಿರಲಿಲ್ಲ. ಮಾತ್ರೆ ನುಂಗುವುದು, ಹುಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳುವುದು, ಕ್ರೇಟು ಎಣಿಸಿ ಗಾಡಿಗೆ ಏರಿಸುವುದು, ಹೀಗೆ ದಿನ ಹೋಗುತ್ತಿತ್ತು. ರಾಗಿಮುದ್ದೆ ಮೊದಲಿಗಿಂತ ಚಿಕ್ಕದಾಗಿತ್ತು. ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಿದ್ದೆ. ಅದೂ ಬೇಗ ಅಭ್ಯಾಸವಾಯಿತು.

ನಾನು ಗಾಡಿಗೆ ಕ್ರೇಟು ಏರಿಸುತ್ತಿದ್ದಾಗ ಮೇಡಂ ಫೋನು ಬಂತು. ಪಾಸಾಗಿದೆ ಎಂದರು. ಇನ್ನು ಮೇಲೂ ಆಗಾಗ ಸ್ಯಾಂಪಲ್ಲು ತೆಗೆಯುತ್ತೇವೆ, ಒಂದು ಸಲ ತೊಳೆದು ಕೈ ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ, ದಿನವೂ ಮಾಡಬೇಕು ಎಂದರು. ಆಗಲಿ ಮೇಡಂ ಅಂದೆ. ಒಳಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಗ್ಯಾಸ್ಕೆಟ್ಟುಗಳನ್ನು ಒಂದೊಂದಾಗಿ ಸೋಡಾ ನೀರಿಗೆ ಬಿಡುತ್ತಿದ್ದಳು.

"ಸರಿ" ಅಂದಳು. ಕೈಯಲ್ಲಿದ್ದುದನ್ನೂ ನೀರಿಗೆ ಬಿಟ್ಟು, "ಕಾಲಿನ ಬಟ್ಟೆ ಒದ್ದೆ ಆಗದೆ, ಬದಲಾಯಿಸ್ಕೊಳ್ಳಿ" ಅಂದಳು. ನೋಡಿಕೊಂಡೆ. ಆಗಿತ್ತು.

ಕ್ಯಾಂಟೀನು ಉಳಿಯಿತು. ಘಟಕ ನಡೆಯುತ್ತಿದೆ. ಕೆಲಸಗಾರ ಈಗ "ಅಕ್ಕ ನೋಡಿದ್ರಾ?" ಎಂದು ಕೇಳುತ್ತಾನೆ. ನನ್ನ ಎದುರಿಗೆ ಮೊದಮೊದಲು ದನಿ ತಗ್ಗಿಸುತ್ತಿದ್ದ, ಈಗ ಇಲ್ಲ. ಬೆಳಿಗ್ಗೆ ತೊಳೆಯುವುದು ಮುಗಿಯುವ ಹೊತ್ತಿಗೆ ನಾನು ಪಂಪಿನ ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಒಳಗಿನಿಂದ ಅವಳು "ಹಾಕಿ" ಎಂದರೆ ಹಾಕುತ್ತೇನೆ. ಕೆಲವು ದಿನ ಅನ್ನುವುದಿಲ್ಲ. ಬ್ರಷ್ಷು ತಿಕ್ಕುವ ಸದ್ದು ಮತ್ತೆ ಶುರುವಾಗುತ್ತದೆ. ಆಗ ನಿಂತೇ ಇರುತ್ತೇನೆ.